ಅರ್ಧ ಸೇರು ರಕ್ತ

ಹುಮನಾಬಾದಿನ ಬಜಾರಿನಲ್ಲಿ ತಾಮ್ರದ ಪಾತ್ರೆ ಬಡಿಯುವ ಅಂಗಡಿಗಳು ಐದಾರಿದ್ದವು. ಕಣ್ಣು ಮುಚ್ಚಿಕೊಂಡು ನಿಂತರೂ ತುಳಜಾರಾಮನ ಅಂಗಡಿ ಯಾವುದೆಂದು ಜನ ಹೇಳುತ್ತಿದ್ದರು. ಉಳಿದವರ ಸುತ್ತಿಗೆ ಬಿಟ್ಟು ಬಿಟ್ಟು ಬೀಳುತ್ತಿತ್ತು, ಅವನದು ಮಳೆ ಹೊಯ್ದಂತೆ ಒಂದೇ ಸಮ. ಮೂವತ್ತೊಂದು ವರ್ಷದ ಆಳು, ಮಾತಿಗಿಂತ ನಗು ಹೆಚ್ಚು. ಹೆಂಡತಿ ಕೇಶರಬಾಯಿಯ ತವರು ಕಲ್ಯಾಣಿ. ಈಗ ಬಸವಕಲ್ಯಾಣ ಅನ್ನುವ ಊರಿಗೆ ಆಗ ಎಲ್ಲರೂ ಹಾಗೇ ಅನ್ನುತ್ತಿದ್ದರು. ಇಬ್ಬರಿಗೂ ಸೇರಿ ಐದು ವರ್ಷದ ಒಬ್ಬಳೇ ಮಗಳು, ಅಂಬುಬಾಯಿ.

೧೯೪೭ರ ಚಳಿಗಾಲದಲ್ಲಿ ಅಂಬುಬಾಯಿಗೆ ಕೆನ್ನೆ ಊದಿ ಮಂಗಬಾವು ಬಂತು. ಅವಳನ್ನು ಎದೆಯ ಮೇಲೆ ಮಲಗಿಸಿಕೊಂಡ ಅಪ್ಪನಿಗೂ ಅದೇ ಹತ್ತಿತು. ಹುಡುಗಿ ಎಂಟು ದಿನದಲ್ಲಿ ಎದ್ದು ಓಡಾಡಿದಳು. ತುಳಜಾರಾಮನ ಬಾವು ಮಾತ್ರ ಕೆನ್ನೆಯಿಂದ ಇಳಿದು ತೊಡೆಸಂದಿಗೆ ಹೋಯಿತು. ಬೀಜಗಳೆರಡೂ ಊದಿಕೊಂಡು ಹದಿನೈದು ದಿನ ಅವನು ಮಗ್ಗುಲು ಬದಲಿಸಲಾಗದೆ ಬಿದ್ದುಕೊಂಡ. ಆಮೇಲೆ ಊತವೇನೋ ಇಳಿಯಿತು. ಆದರೆ ಬೀಜಗಳು ಬತ್ತಿ ಸಣ್ಣವಾದವು.

ಎರಡು ಮೂರು ತಿಂಗಳು ಕಳೆದಾಗ ಮನೆಯಲ್ಲಿರುವವನು ಬೇರೆ ಯಾರೋ ಅನ್ನುವ ಹಾಗಾಯಿತು. ನಾಲ್ಕು ಏಟು ಹಾಕಿದರೆ ಸುತ್ತಿಗೆ ಕೆಳಗಿಡುತ್ತಿದ್ದ. ತೋಳು ಸಡಿಲವಾದವು, ಗಡ್ಡ ವಾರಕ್ಕೊಮ್ಮೆ ಕೆರೆದರೆ ಸಾಕಾಯಿತು. ಚಳಿಯಲ್ಲೂ ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿಯಾಗಿ ಬೆವರುತ್ತಿತ್ತು. ಹೆಂಡತಿಯ ಪಕ್ಕ ಕೂಡಲೂ ಅವನಿಗೆ ಸಂಕೋಚ. ಒಂದು ದಿನ ಕೇಶರಬಾಯಿ ಅವನ ಅಂಗಿ ತಂದು ಕೈಗೆ ಕೊಟ್ಟು, "ನಡೀರಿ, ಡಾಕ್ಟರ್ ಸಾಹೇಬ್ರ ಕಡಿ ಹೋಗಿ ಬರೋಣು" ಅಂದಳು.

ಡಾಕ್ಟರ್ ವೈಜನಾಥ ಯುದ್ಧದ ಕಾಲದಲ್ಲಿ ಫೌಜಿನಲ್ಲಿದ್ದು ಬಂದವರು, ಇನ್ನೂ ನಲವತ್ತಾಗಿರಲಿಲ್ಲ. ಪರೀಕ್ಷೆ ಮಾಡಿ ಬಾಗಿಲು ಹಾಕಿದರು.

"ನಾಚಿಕಿ ಪಡೋ ಮಾತಲ್ಲ ಇದು. ಆ ಜಾಗದಾಗ ತಯಾರಾಗೋ ಒಂದು ರಸ ನಿನ್ನ ಮೈಯಾಗ ನಿಂತದ. ಟೆಸ್ಟೋಸ್ಟೆರಾನ್ ಅಂತಾರ ಅದಕ್ಕ. ಎಣ್ಣಿಯೊಳಗ ಕಲಸಿ ಸೂಜಿಮದ್ದು ಮಾಡ್ಯಾರ, ಸೊಲ್ಲಾಪುರದಾಗ ಸಿಗ್ತದ. ಮತ್ತ ಮಕ್ಕಳಾಗೂದಕ್ಕ ಅದು ಬರೂದಿಲ್ಲ. ಆದರ ನೀ ಮೊದಲಿನಂಗ ಆಗ್ತಿ."

"ಒಬ್ಬಾಕಿ ಮಗಳು ಅದಾಳಲ್ರಿ, ಸಾಕು" ಅಂದಳು ಕೇಶರಬಾಯಿ. "ಮದ್ದು ಯಾವಾಗ ಬರ್ತದ?"

ಮದ್ದು ಬರಲು ವರ್ಷ ಹಿಡಿಯಿತು. ಅದು ೧೯೪೮. ಸೊಲ್ಲಾಪುರದ ಕಡೆಯಿಂದ ಹುಮನಾಬಾದು ಸೇರಿದ್ದ ನಿಜಾಮರ ಸೀಮೆಗೆ ಒಂದು ಸೂಜಿಯೂ ಬರದಂತೆ ನಾಕಾಬಂದಿ ಆಗಿತ್ತು. ಇತ್ತ ನಿಜಾಮರ ಪರ ಆಯುಧ ಹಿಡಿದ ರಜಾಕಾರರ ಗದ್ದಲ. ಸೆಪ್ಟೆಂಬರಿನಲ್ಲಿ ಹಿಂದೂಸ್ಥಾನದ ಫೌಜು ಬಂತು, ಆಮೇಲೂ ಕೆಲವು ದಿನ ಹಿಂದೂ, ಮುಸಲ್ಮಾನ ಎರಡೂ ಕಡೆಯ ಜನ ಬಾಗಿಲು ಹಾಕಿಕೊಂಡು ಉಸಿರು ಬಿಗಿಹಿಡಿದಿದ್ದರು. ದಾರಿ ತೆರೆದ ಮೇಲೆ ತುಳಜಾರಾಮ ತಾಮ್ರದ ತಗಡು ತರಲು ಸೊಲ್ಲಾಪುರಕ್ಕೆ ಹೋದಾಗ, ಡಾಕ್ಟರರ ಚೀಟಿ ತೋರಿಸಿ ಮದ್ದಿನ ಡಬ್ಬಿಯನ್ನೂ ತಂದ. ಸೋಮವಾರ, ಗುರುವಾರ, ವಾರಕ್ಕೆ ಎರಡು ಸಲ ಕುಂಡಿಗೆ ಸೂಜಿ ಎಂದು ಗೊತ್ತಾಯಿತು.

ಒಂದೂವರೆ ತಿಂಗಳಿಗೆ ಸುತ್ತಿಗೆಯ ಸದ್ದು ಬದಲಾಯಿತು. ಮೂರು ತಿಂಗಳಿಗೆ ಬಜಾರಿನವರು ಅವನ ಅಂಗಡಿಯ ಮುಂದೆ ನಿಂತು ಮಾತಾಡಿಸತೊಡಗಿದರು. ಗಡ್ಡ ಬಂತು, ನಗು ಬಂತು. ಮಾಣಿಕನಗರದ ಮಠದ ಅಡುಗೆಮನೆಗೆ ಬೇಕಾಗಿದ್ದ ದೊಡ್ಡ ಹಂಡೆಯನ್ನು ನಾಲ್ಕು ದಿನದಲ್ಲಿ ಬಡಿದು ತಾನೇ ತಲೆಯ ಮೇಲೆ ಹೊತ್ತು ಕೊಟ್ಟು ಬಂದ. ಒಂದು ಮಧ್ಯಾಹ್ನ ಅಂಗಡಿ ಅರ್ಧ ಬಾಗಿಲು ಹಾಕಿ ಮನೆಗೆ ಬಂದವನನ್ನು ನೋಡಿ ಕೇಶರಬಾಯಿ ನಾಚಿ, "ಹೊತ್ತು ಗೊತ್ತು ಇಲ್ಲೇನ್ರಿ ನಿಮಗ" ಎಂದು ಬೈದಳು. ಬೈಗುಳದ ತುಂಬ ಖುಷಿ ಇತ್ತು.

ಇಲ್ಲಿಗೆ ಸುಮ್ಮನಿದ್ದಿದ್ದರೆ ಹೇಳುವ ಕತೆಯೇ ಇರುತ್ತಿರಲಿಲ್ಲ. ಆದರೆ ತುಳಜಾರಾಮನ ಎದೆಯಲ್ಲಿ ಒಂದು ಹೆದರಿಕೆ ಕೂತಿತ್ತು. ಸೂಜಿ ಹಾಕಿಸಿಕೊಂಡ ಎರಡು ದಿನ ಮೈ ಹಗುರ, ಮೂರನೆಯ ದಿನ ತುಸು ಇಳಿದಂತೆ ಅನ್ನಿಸುತ್ತಿತ್ತು. ಅಷ್ಟಕ್ಕೇ ಆ ಹಳೆಯ ವರ್ಷ ಕಣ್ಣ ಮುಂದೆ ಬರುತ್ತಿತ್ತು. ಬುಧವಾರ ಮತ್ತು ಶನಿವಾರ ಡಾಕ್ಟರರು ಘಾಟಬೋರಾಳದ ಕಡೆ ರೋಗಿಗಳನ್ನು ನೋಡಲು ಹೋಗುತ್ತಾರೆ, ದವಾಖಾನೆಯಲ್ಲಿ ಕಂಪೌಂಡರ್ ಸೈಫುದ್ದೀನ್ ಒಬ್ಬನೇ ಇರುತ್ತಾನೆ ಎಂದು ಅವನಿಗೆ ತಿಳಿದಿತ್ತು. ಒಂದು ಶನಿವಾರ ಮನೆಯಲ್ಲಿದ್ದ ಡಬ್ಬಿಯಿಂದ ಮದ್ದಿನ ಶೀಶೆಯೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋದ.

"ಡಾಕ್ಟರ್ ಸಾಹೇಬ್ರು ಇವತ್ತೊಂದು ಹಾಕ್ಸಿಕೋ ಅಂದಾರ" ಅಂದ.

"ನನಗೇನೂ ಹೇಳಿಲ್ಲಲ್ಲ?"

"ಮರತಿರಬೇಕು."

ಸೈಫುದ್ದೀನ್ ನಂಬುವ ಮನುಷ್ಯ. ಅಷ್ಟು ಚಂದ ನಗುವವನು ಸುಳ್ಳು ಹೇಳುತ್ತಾನೆಂದು ಅವನಿಗೆ ಹೊಳೆಯಲೇ ಇಲ್ಲ. ಮುಂದಿನ ವಾರ ತುಳಜಾರಾಮ ಅವನಿಗೊಂದು ತಂಬಿಗೆ ಮಾಡಿಕೊಟ್ಟ, ಬುಧವಾರವೂ ಬರತೊಡಗಿದ. ಎರಡರ ಜಾಗದಲ್ಲಿ ವಾರಕ್ಕೆ ನಾಲ್ಕು ಸೂಜಿಯಾದವು.

೧೯೪೯ರ ಆಗಸ್ಟ್ ಬರುವ ಹೊತ್ತಿಗೆ ತುಳಜಾರಾಮನ ಮುಖ ತೊಳೆದ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಕಿವಿ ಕೆಂಪು, ಕಣ್ಣಿನ ಬಿಳಿ ಕೆಂಪು, ಅಂಗೈ ಕೆಂಪು. ಬಜಾರಿನವರು, "ಏನ್ ರಕ್ತ ತುಂಬ್ಯಾದೋ ಮಾರಾಯ, ಕೇಶರಬಾಯಿ ಏನ್ ಉಣಿಸ್ತಾಳ?" ಅನ್ನುತ್ತಿದ್ದರು. ಅವನು ಮೀಸೆ ತಿರುವುತ್ತಿದ್ದ. ಆದರೆ ಬೆಳಿಗ್ಗೆ ಎದ್ದರೆ ತಲೆ ಭಾರ. ಬಗ್ಗಿ ಎದ್ದರೆ ಕಣ್ಣ ಮುಂದೆ ನುಸಿ ಹಾರಿದಂತೆ. ಕಿವಿಯಲ್ಲಿ ಗುಂಯ್ ಅನ್ನುವ ಸದ್ದು. ಇದೆಲ್ಲ ಮುಚ್ಚಿಟ್ಟುಕೊಂಡ. ಒಂದು ಬೆಳಿಗ್ಗೆ ಕೊಡದ ಕಂಠ ಬಡಿಯುತ್ತಿದ್ದಾಗ ಮೂಗಿನಿಂದ ರಕ್ತ ಸುರಿಯಿತು. ಪಕ್ಕದ ಅಂಗಡಿಯವರು ಅವನನ್ನು ಹಿಡಿದು ಕೂಡಿಸಿ ಮನೆಗೆ ಹೇಳಿಕಳಿಸಿದರು. ಕೇಶರಬಾಯಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

ವೈಜನಾಥರ ಹತ್ತಿರ ರಕ್ತ ನೋಡುವ ಒಂದು ಸಣ್ಣ ಸಾಮಾನಿತ್ತು. ಗೀಟು ಕೊರೆದ ತೆಳ್ಳನೆಯ ಗಾಜಿನ ನಳಿಗೆ, ಅದರ ಪಕ್ಕದಲ್ಲಿ ಕಂದು ಬಣ್ಣದ ಗಾಜಿನ ತುಂಡು. ಬೆರಳಿಗೆ ಚುಚ್ಚಿ ತೆಗೆದ ರಕ್ತವನ್ನು ನಳಿಗೆಯ ತಳದಲ್ಲಿರುವ ಔಷಧಕ್ಕೆ ಬೆರೆಸಿ ಹನಿ ಹನಿ ನೀರು ಹಾಕುತ್ತ ಹೋಗಬೇಕು. ನಳಿಗೆಯ ಬಣ್ಣ ಪಕ್ಕದ ಗಾಜಿನ ಬಣ್ಣಕ್ಕೆ ಕೂಡಿದಾಗ ನಿಲ್ಲಿಸಿ ಗೀಟು ಓದಬೇಕು. ಗಟ್ಟಿ ಗಂಡಸಿಗೂ ಹದಿನಾಲ್ಕು ಹದಿನೈದರ ಹತ್ತಿರ ಬಣ್ಣ ಕೂಡುತ್ತದೆ. ತುಳಜಾರಾಮನದು ಹದಿನಾರಕ್ಕೆ ಕೂಡಲಿಲ್ಲ, ಹದಿನೆಂಟಕ್ಕೂ ಇಲ್ಲ. ಡಾಕ್ಟರರು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಮತ್ತೆ ನೀರು ಹಾಕಿದರು. ಇಪ್ಪತ್ತು ದಾಟಿದ ಮೇಲೆ ಬಣ್ಣ ಕೂಡಿತು.

"ಇದರಾಗ ನನ್ನದೂ ತಪ್ಪದ" ಅಂದರು ವೈಜನಾಥ, ನಳಿಗೆ ಕೆಳಗಿಟ್ಟು. "ಮೂರು ತಿಂಗಳಿಗೊಮ್ಮೆ ನಿನ್ನ ರಕ್ತ ನೋಡಬೇಕಾಗಿತ್ತು. ನೀ ಚಲೋ ಆಗಿದ್ದು ನೋಡಿ ನಾ ಮೈ ಮರತೆ. ಕೇಳು. ರಕ್ತ ತಯಾರಾಗೂದು ಎಲುವಿನೊಳಗ. ಈ ಮದ್ದು ಅದಕ್ಕ ಇನ್ನಷ್ಟು ಮಾಡು, ಇನ್ನಷ್ಟು ಮಾಡು ಅಂತದ. ಈಗ ನಿನ್ನ ನರದಾಗ ಹರಿಯೂದು ರಕ್ತ ಅಲ್ಲ, ಬೆಲ್ಲದ ಕಾಕಂಬಿ. ಮಿದುಳಿನಾಗ ಇಲ್ಲಾ ಎದಿಯಾಗ ಎಲ್ಲ್ಯಾರ ಹೆಪ್ಪುಗಟ್ಟಿತು ಅಂದ್ರ ನಾನೂ ಏನೂ ಮಾಡಾಕ ಬರೂದಿಲ್ಲ."

"ಮತ್ತೇನ್ ಮಾಡಬೇಕ್ರಿ?" ಕೇಶರಬಾಯಿ ಕೇಳಿದಳು.

"ಸೂಜಿ ಸದ್ಯಕ್ಕ ನಿಲ್ಲಿಸಬೇಕು. ನೀರು ಭಾಳ ಕುಡೀಬೇಕು, ಬೀಡಿ ಬಿಡಬೇಕು. ಮತ್ತ ಅರ್ಧ ಸೇರಿನಷ್ಟು ರಕ್ತ ಹೊರಗ ತೆಗೀಬೇಕು."

ನಿಲ್ಲಿಸಬೇಕು ಅನ್ನುವ ಮಾತೊಂದೇ ತುಳಜಾರಾಮನ ಕಿವಿಗೆ ಬಿದ್ದದ್ದು. ಕೆಂಪು ಮುಖ ಬಿಳಿಚಿಕೊಂಡಿತು.

ಡಾಕ್ಟರರು ಆಗಲೇ ತೋಳಿಗೆ ಪಟ್ಟಿ ಕಟ್ಟಿ ತಮ್ಮಲ್ಲಿದ್ದ ದಪ್ಪ ಸೂಜಿ ಚುಚ್ಚಿದರು. ನಾಲ್ಕು ಚಮಚದಷ್ಟು ಬಂದು ನಿಂತಿತು, ಸೂಜಿಯೊಳಗೇ ಗಟ್ಟಿಯಾಗಿತ್ತು. ಇನ್ನೊಂದು ಸೂಜಿಯೂ ಹಾಗೇ ಕಟ್ಟಿತು. ಇದಕ್ಕಿಂತ ದಪ್ಪನೆಯದು ಮುಂಬೈಯಿಂದ ಬರಬೇಕು, ಮೂರು ವಾರವಾದರೂ ಬೇಕು ಅಂದರು.

"ಕಲ್ಯಾಣಿ ಒಳಗ ಗಯಾಸುದ್ದೀನ್ ಚಾಚಾ ಅದಾರಲ್ರಿ" ಅಂದಳು ಕೇಶರಬಾಯಿ. "ನಮ್ಮ ತವರಮನಿ ಓಣಿಯವರೇ. ನಾ ಸಣ್ಣಾಕಿದ್ದಾಗ ಅವರು ಎಷ್ಟೋ ಮಂದಿಗೆ ನರ ಬಿಡಿಸಿ ರಕ್ತ ತೆಗೆದದ್ದು ನೋಡೀನಿ."

ಹಕೀಮ ಗಯಾಸುದ್ದೀನರ ಹೆಸರು ವೈಜನಾಥರಿಗೆ ಚೆನ್ನಾಗಿ ಗೊತ್ತಿತ್ತು. ದವಾಖಾನೆ ತೆರೆದ ಹೊಸದರಲ್ಲಿ, "ಹಕೀಮರ ಚಾಕುವಿಗೆ ಕೈ ಕೊಡಬ್ಯಾಡ್ರಿ, ಅದು ನೂರು ವರ್ಷದ ಹಿಂದಿನ ಹುಚ್ಚು" ಎಂದು ಬಂದವರಿಗೆಲ್ಲ ಹೇಳಿದವರು ಅವರೇ. ಆ ಮಾತು ಕಲ್ಯಾಣಿಗೂ ತಲುಪಿತ್ತು. ಅವರು ಕಪಾಟಿನಿಂದ ದಪ್ಪ ಪುಸ್ತಕ ತೆಗೆದು ಸ್ವಲ್ಪ ಹೊತ್ತು ಓದಿದರು. ರಕ್ತ ದಪ್ಪವಾದರೆ ನರ ತೆರೆದು ತೆಗೆಯುವುದೇ ಸರಿ ಎಂದು ಅದರಲ್ಲೂ ಬರೆದಿತ್ತು.

"ನಾಳೆ ಮುಂಜಾನಿ ಮೋಟಾರಿಗೆ ಹೋಗೋಣು" ಅಂದರು. "ನಾನೂ ಬರ್ತೀನಿ."

ಕಲ್ಯಾಣಿಯ ಮೋಟಾರಿನಲ್ಲಿ ತುಳಜಾರಾಮ ಹೆಂಡತಿಯ ಪಕ್ಕ ಕೂತು ಹಿಂದಕ್ಕೆ ಓಡುವ ಹೊಲಗಳನ್ನೇ ನೋಡುತ್ತಿದ್ದ. ಡಾಕ್ಟರರು ಮುಂದಿನ ಸೀಟಿನಲ್ಲಿ ಸ್ಪಿರಿಟಿನ ಬಾಟಲಿ, ಹತ್ತಿ, ಅಳತೆಯ ಗಾಜಿನ ಪಾತ್ರೆಯಿದ್ದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಪರೀಕ್ಷೆಗೆ ಹೊರಟ ಹುಡುಗನಂತೆ ನೆಟ್ಟಗೆ ಕೂತಿದ್ದರು.

ಹಕೀಮ ಗಯಾಸುದ್ದೀನರಿಗೆ ಅರವತ್ತೈದರ ಮೇಲಾಗಿತ್ತು. ಕೋಟೆಯ ಕಡೆ ಹೋಗುವ ಓಣಿಯಲ್ಲಿ ಅವರ ಮನೆ. ಹಿಂದಿನ ವರ್ಷದ ಗದ್ದಲದ ನಂತರ ಬರುವವರು ಕಡಿಮೆಯಾಗಿದ್ದರು. ಕೇಶರಬಾಯಿಯನ್ನು ಕಂಡವರೇ ಮುಖ ಅರಳಿಸಿದರು.

"ಬಾ ಬೇಟಿ, ಎಷ್ಟು ದಿನಕ್ಕ ಬಂದಿ! ಇವರು ಜಮಾಯಿ, ನಮ್ಮ ಅಳ್ಯಾ ಅಲ್ಲಾ? ಇವರ್ಯಾರು?"

"ನಾನು ವೈಜನಾಥ. ಹುಮನಾಬಾದಿನ ಡಾಕ್ಟರ್."

ಹಕೀಮರು ಕನ್ನಡಕ ಸರಿಮಾಡಿಕೊಂಡು ಅವರನ್ನು ಮೇಲಿಂದ ಕೆಳಗೆ ನೋಡಿದರು. "ಅಚ್ಛಾ, ನೀವೇ ಏನು? ಬರ್ರಿ, ಕೂಡ್ರಿ. ನನ್ನ ಚಾಕು ನೋಡಾಕ ಬಂದೀರೇನು?"

"ನೋಡಾಕಲ್ರಿ, ಕೇಳಾಕ ಬಂದೀನಿ" ಅಂದರು ವೈಜನಾಥ. "ಆಗ ಆಡಿದ ಮಾತು ದುಡುಕಿನದು. ಮಾಫ್ ಮಾಡ್ರಿ."

ಹಕೀಮರು ಒಳಗಿದ್ದ ಹೆಂಡತಿಗೆ ಕೇಳುವಂತೆ, "ಹಜಿರಾ, ನಾಕು ಮಂದಿಗೆ ಚಹಾ! ಡಾಕ್ಟರ್ ಸಾಹೇಬ್ರು ಬಂದಾರ" ಎಂದು ಕೂಗಿದರು. ಅಲ್ಲಿಗೆ ಆ ಮಾತು ಮುಗಿಯಿತು.

ತುಳಜಾರಾಮನ ಕೈ ಹಿಡಿದು ಅವರು ಕಣ್ಣು ಮುಚ್ಚಿ ನಾಡಿ ನೋಡಿದರು. ಒಂದು ಕೈ ಆದಮೇಲೆ ಇನ್ನೊಂದು. ನಾಲಿಗೆ ನೋಡಿದರು, ಕಣ್ಣಿನ ರೆಪ್ಪೆ ಎತ್ತಿ ನೋಡಿದರು.

"ನರ ತುಂಬಿ ಬಿರಿಯಾಕತ್ತಾವ. ರಕ್ತ ನಾ ತೆಗೀತೀನಿ. ಆದರ ಮೊದಲು ಇದು ಎಲ್ಲಿಂದ ಬಂತು ಅನ್ನೂದು ಗೊತ್ತಾಗಬೇಕು. ಇಲ್ಲಂದ್ರ ನಾ ತೆಗಿಯೂದು, ಅದು ತುಂಬೂದು, ಹಿಂಗೇ ಆಗ್ತದ."

ಡಾಕ್ಟರರು ಮದ್ದಿನ ವಿಷಯ ಬಿಡಿಸಿ ಹೇಳಿದರು. "ವಾರಕ್ಕ ಎರಡು ಸಲ ಅಷ್ಟ. ಅಷ್ಟಕ್ಕ ಇಷ್ಟು ಆಗಬಾರದಿತ್ತು ಅಂತ ನನಗೂ ಅನಸ್ತದ."

"ನಾಕು ಸಲ" ಅಂದಳು ಕೇಶರಬಾಯಿ.

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಗಂಡನ ಮುಖ ನೋಡಲಿಲ್ಲ, ಸೆರಗಿನ ಅಂಚು ಹಿಡಿದುಕೊಂಡು ಹೇಳಿದಳು. "ಸೂಜಿ ಹಾಕಿಸಿದ ದಿನ ಇವರ ಧೋತರಕ್ಕ ಎಣ್ಣಿ ಕಲಿ ಆಗ್ತದ. ಒಗೆಯಾಕಿ ನಾನೇ ಅಲ್ರಿ? ಸೋಮವಾರ, ಗುರುವಾರ ಇರ್ತಿತ್ತು. ಈಗ ಬುಧವಾರ, ಶನಿವಾರನೂ ಇರ್ತದ. ಡಾಕ್ಟರ್ ಸಾಹೇಬ್ರೇ ಹೆಚ್ಚು ಮಾಡ್ಯಾರ ಅಂತ ಸುಮ್ಮನಿದ್ದೆ. ಈಗ ತಿಳೀತು."

ತುಳಜಾರಾಮ ತಲೆ ತಗ್ಗಿಸಿ ಎಲ್ಲವನ್ನೂ ಒಪ್ಪಿಕೊಂಡ. ಶನಿವಾರದ ಸುಳ್ಳು, ಸೈಫುದ್ದೀನನ ತಂಬಿಗೆ, ಒಂದನ್ನೂ ಬಿಡಲಿಲ್ಲ.

"ಯಾಕೋ?" ಎಂದು ಕೇಳಿದ್ದು ಹಕೀಮರು, ಮೆತ್ತಗೆ.

"ಹೆದರಿಕಿರಿ" ಅಂದ ಅವನು. "ಆ ವರ್ಷ ನಾ ಹ್ಯಾಂಗಿದ್ದೆ ಅಂತ ನನಗಷ್ಟೇ ಗೊತ್ತು. ಸತ್ತಿದ್ದಿಲ್ಲ ಅಷ್ಟೇ. ಈಕಿಗೆ ಮುಖ ತೋರಿಸಾಕ ಆಗ್ತಿದ್ದಿಲ್ಲ. ಕಡಿಮಿ ಮಾಡಿದ್ರ ಮತ್ತ ಹಂಗೇ ಆಗ್ತೀನಿ."

ಕೇಶರಬಾಯಿ ಈಗ ಅವನ ಕಡೆ ತಿರುಗಿದಳು. "ಹಂಗಿದ್ದಾಗ ನಾ ಎಲ್ಲಿಗ್ಯಾರ ಹೋಗಿದ್ದೆನೇನ್ರಿ? ಅದೇ ಮನಿಯಾಗೇ ಇದ್ದೆನಲ್ಲ? ನೀವು ಮುಖ ತಿರುಗಿಸಿದಿರಿ, ನಾ ತಿರುಗಿಸಲಿಲ್ಲ. ನನಗ ಹಂಡೆ ಹೊರೋ ಪೈಲವಾನ ಬ್ಯಾಡ. ನಿನ್ನೆ ನಿಮ್ಮ ಮೂಗಿನಾಗಿನ ರಕ್ತ ನೋಡಿ ನನ್ನ ಕೈಕಾಲು ತಣ್ಣಗಾಗಿದ್ವು. ನೀವು ಇರ್ರಿ, ಅಷ್ಟು ಸಾಕು. ಕಡಿಮಿ ಇದ್ದರೂ ಇರ್ರಿ."

ತುಳಜಾರಾಮ ಅಂಗಿಯ ತೋಳು ಮೇಲೇರಿಸಿ ಕೈ ಮುಂದೆ ಚಾಚಿದ. "ತೆಗೀರಿ ಹಕೀಮ ಸಾಹೇಬ್ರ."

"ಪೂರಾ ನಿಲ್ಲಿಸೂದಿಲ್ಲೋ" ಅಂದರು ಡಾಕ್ಟರರು. "ರಕ್ತ ತೆಳ್ಳಗಾದ ಮ್ಯಾಲ ಮತ್ತ ಸುರು ಮಾಡೋಣು, ನೋಡಿ ನೋಡಿ. ನಿನ್ನ ಮೈಗೆ ಎಷ್ಟು ಬೇಕೋ ಅಷ್ಟು."

ಮುಂದಿನ ಕೆಲಸ ನೋಡುವಂತಿತ್ತು. ಹಕೀಮರು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಸಣ್ಣ ಚಾಕು ತೆಗೆದರು. ವೈಜನಾಥರು ಅದನ್ನು ಇಪ್ಪತ್ತು ನಿಮಿಷ ಕುದಿಸಬೇಕೆಂದರು. "ಇಪ್ಪತ್ತು ಯಾಕ, ನಲವತ್ತು ಕುದಿಸ್ರಿ, ಒಲಿ ಖಾಲಿ ಅದ" ಅಂದರು ಹಕೀಮರು. ಡಾಕ್ಟರರು ತೋಳಿಗೆ ಸ್ಪಿರಿಟ್ ಒರೆಸಿದರು. ಹಕೀಮರು ಮೊಳಕೈ ಮೇಲೆ ಪಟ್ಟಿ ಕಟ್ಟಿ ಮುಷ್ಟಿಯೊಳಗೆ ಒಂದು ಕೋಲು ಕೊಟ್ಟು ಗಟ್ಟಿಯಾಗಿ ಹಿಡಿಯಲು ಹೇಳಿದರು. ಉಬ್ಬಿದ ನರವನ್ನು ಬೆರಳಿನಿಂದ ಎರಡು ಸಲ ಸವರಿ, "ಬಿಸ್ಮಿಲ್ಲಾ" ಅಂದು ಒಂದೇ ಗೀರು ಹಾಕಿದರು. ಕಪ್ಪು ರಕ್ತ ಮೊದಲು ತೊಟ್ಟಿಕ್ಕಿ, ಆಮೇಲೆ ಧಾರೆಯಾಗಿ ಗಾಜಿನ ಪಾತ್ರೆಗೆ ಇಳಿಯಿತು. ವೈಜನಾಥರು ಒಂದು ಕೈಯಲ್ಲಿ ಅವನ ನಾಡಿ ಹಿಡಿದು ಪಾತ್ರೆಯ ಗೀಟು ನೋಡುತ್ತ ಕೂತರು. ಅರ್ಧ ಸೇರಿಗೆ ಬಂದಾಗ, "ಸಾಕು" ಎಂದು ಇಬ್ಬರೂ ಒಟ್ಟಿಗೇ ಅಂದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

ಗಾಯಕ್ಕೆ ಹತ್ತಿ ಒತ್ತಿ ಕಟ್ಟಿದ ಮೇಲೆ ತುಳಜಾರಾಮನನ್ನು ಮಲಗಿಸಿದರು. ಹಜಿರಾ ಬೀ ನಿಂಬೆಹಣ್ಣು ಹಿಂಡಿದ ಸಕ್ಕರೆ ನೀರನ್ನು ದೊಡ್ಡ ಲೋಟದ ತುಂಬ ತಂದು ಕುಡಿಸಿದರು. ಸ್ವಲ್ಪ ಹೊತ್ತಿನ ಮೇಲೆ ಅವನು ಕಣ್ಣು ತೆರೆದು ಸೂರು ನೋಡಿದ.

"ತಲಿ ಮ್ಯಾಲಿಂದ ನೀರು ತುಂಬಿದ ಕೊಡ ಇಳಿಸಿದಂಗಾತು" ಅಂದ. "ಕಿವಿಯಾಗಿನ ಸದ್ದು ಎಲ್ಲಿ ಹೋತು?"

"ಪಾತ್ರಿಯಾಗ ಅದ, ಬೇಕಾದ್ರ ಒಯ್ಯಿ" ಅಂದರು ಹಕೀಮರು.

ಆ ಮಧ್ಯಾಹ್ನ ಇಬ್ಬರು ವೈದ್ಯರ ಮಾತು ಮುಗಿಯಲಿಲ್ಲ. ಹಕೀಮರು ಯಾವ ನರ ಎಲ್ಲಿ ಹಿಡಿಯಬೇಕು, ಯಾವುದರ ಕೆಳಗೆ ಧಮನಿ ಇದೆ, ಎಲ್ಲಿ ಮುಟ್ಟಲೇಬಾರದು ಎಂದು ಡಾಕ್ಟರರ ತೋಳಿನ ಮೇಲೇ ತೋರಿಸಿದರು. ಡಾಕ್ಟರರು ಬಣ್ಣ ಕೂಡಿಸುವ ನಳಿಗೆಯ ವಿಷಯ ಹೇಳಿದಾಗ ಹಕೀಮರು, "ಅಂದ್ರ ಕಣ್ಣಿಗೆ ಕಾಣೋ ನಾಡಿ" ಎಂದು ಖುಷಿಪಟ್ಟು, ಮುಂದಿನ ಸಲ ಅದನ್ನು ತರಲೇಬೇಕೆಂದರು. ಸಂಜೆಯ ಮೋಟಾರಿಗೆ ಹೊತ್ತಾಯಿತು ಎಂದು ಕೇಶರಬಾಯಿ ಮೂರು ಸಲ ಹೇಳಬೇಕಾಯಿತು.

ಹುಮನಾಬಾದಿಗೆ ಬಂದ ಮೇಲೆ ವೈಜನಾಥರು ಸೈಫುದ್ದೀನನನ್ನು ಕರೆದು ವಿಚಾರಿಸಿದರು. ಅವನು ಕಣ್ಣಲ್ಲಿ ನೀರು ತಂದುಕೊಂಡು ತಂಬಿಗೆ ತಂದು ಮೇಜಿನ ಮೇಲಿಟ್ಟ. ತುಳಜಾರಾಮನೇ ಅದನ್ನು ಅವನ ಕೈಗೆ ವಾಪಸು ಕೊಟ್ಟು, "ಸುಳ್ಳು ಹೇಳಿದಾವ ನಾ, ನೀ ಯಾಕ ಅಳತಿ" ಎಂದು ಸಮಾಧಾನ ಮಾಡಿದ. ಮದ್ದಿನ ಡಬ್ಬಿ ಅಂದಿನಿಂದ ಕೇಶರಬಾಯಿಯ ಟ್ರಂಕಿಗೆ ಹೋಯಿತು, ಬೀಗದ ಕೈ ಅವಳ ಸೊಂಟಕ್ಕೆ.

ಮೂರು ವಾರದ ಮೇಲೆ ಮತ್ತೊಮ್ಮೆ ಕಲ್ಯಾಣಿಗೆ ಹೋಗಿ ಅರ್ಧ ಸೇರು ತೆಗೆಸಿಕೊಂಡು ಬಂದರು. ನಳಿಗೆಯ ಬಣ್ಣ ಹದಿನೇಳಕ್ಕೆ ಕೂಡಿತು, ಆಮೇಲೆ ಹದಿನಾರಕ್ಕೆ. ನಡುವಿನ ಆ ಎರಡು ತಿಂಗಳು ಸುಲಭವಾಗಿರಲಿಲ್ಲ. ಸೂಜಿ ಇಲ್ಲದೆ ಅವನು ಮತ್ತೆ ಸೊರಗಿದ, ಸಿಡುಕಿದ, ಸಣ್ಣ ತಂಬಿಗೆಗಳನ್ನಷ್ಟೇ ಬಡಿದ. ಆದರೆ ಈ ಸಲ ಹೆಂಡತಿಯ ಪಕ್ಕವೇ ಕೂತು ಸೊರಗಿದ. ನವೆಂಬರಿನಲ್ಲಿ ಡಾಕ್ಟರರು ಮತ್ತೆ ಶುರುಮಾಡಿದರು. ಸೋಮವಾರ, ಗುರುವಾರ ಹಿಂದಿನಂತೆಯೇ, ಆದರೆ ಮದ್ದಿನ ಅಳತೆ ಅರ್ಧ. ಮೊದಲು ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ರಕ್ತದ ಪರೀಕ್ಷೆ. ಬೀಡಿ ಬಿಟ್ಟ. ಕೇಶರಬಾಯಿ ಅಂಗಡಿಯಲ್ಲಿ ಒಂದು ಕೊಡ ನೀರಿಟ್ಟು, ಸಂಜೆ ಬಂದು ಬಗ್ಗಿ ನೋಡಿ ಉಳಿದಿದ್ದರೆ ಬೈಯುತ್ತಿದ್ದಳು. ಹಂಡೆ ನಾಲ್ಕು ದಿನಕ್ಕೆ ಆಗದೆ ಆರು ದಿನಕ್ಕೆ ಆಗುತ್ತಿತ್ತು. ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ.

೧೯೫೦ರ ಬೇಸಿಗೆಯಲ್ಲಿ ಬೇಮಳಖೇಡದಿಂದ ಸಿದ್ದಪ್ಪ ಎಂಬ ರೈತನೊಬ್ಬ ವೈಜನಾಥರ ಹತ್ತಿರ ಬಂದ. ಹೋರಿ ಒದ್ದು ಎರಡು ವರ್ಷವಾಗಿತ್ತು, ಅಂದಿನಿಂದ ಯಾವ ಕೆಲಸಕ್ಕೂ ಮನಸ್ಸಿಲ್ಲ. ಎಲ್ಲಿಗೆ ಒದ್ದಿತ್ತು ಎಂದು ಕೇಳಿದರೆ ಗೋಡೆ ನೋಡುತ್ತಿದ್ದ. ಡಾಕ್ಟರರು ತುಳಜಾರಾಮನಿಗೆ ಹೇಳಿಕಳಿಸಿದರು.

ತುಳಜಾರಾಮ ಮಸಿ ಹತ್ತಿದ ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತ ಬಂದ. ದವಾಖಾನೆಯ ಹಿಂದಿನ ಬೇವಿನ ಮರದ ಕೆಳಗೆ ಸಿದ್ದಪ್ಪನ ಪಕ್ಕ ಕೂತು, ನಾಚದೆ ಮುಚ್ಚುಮರೆ ಇಲ್ಲದೆ ತನ್ನ ಕತೆ ಹೇಳಿದ. ಅರ್ಧ ಕತೆಗೆ ಸಿದ್ದಪ್ಪ ಗೋಡೆ ನೋಡುವುದನ್ನು ಬಿಟ್ಟು ಅವನ ಮುಖ ನೋಡತೊಡಗಿದ. ಹಕೀಮರ ಮನೆಯ ಭಾಗಕ್ಕೆ ಬಂದಾಗ ನಕ್ಕೂ ಬಿಟ್ಟ.

"ಅಣ್ಣ, ಮತ್ತ ನೀ ಈಗ ಆರಾಮಿದ್ದಿಯೇನು?" ಎಂದು ಕೇಳಿದ.

"ಇದ್ದೀನಿ. ನೀನೂ ಆಗ್ತಿ. ಒಂದೇ ಮಾತು, ಮನಿಯಾಕಿಗೆ ಎಲ್ಲಾ ಹೇಳು. ಬರೋ ಸೋಮವಾರ ಆಕೀನೂ ಕರಕೊಂಡು ಬಾ."

"ಇವತ್ತೇ ಹೇಳ್ತೀನಿ" ಎಂದು ಸಿದ್ದಪ್ಪ ಎದ್ದು ರುಮಾಲು ಸುತ್ತಿಕೊಂಡ. ಬೇಮಳಖೇಡದ ಕಡೆ ಹೋಗುವ ಬಂಡಿಗಳು ಇನ್ನೂ ನಿಂತಿವೆಯೋ ಇಲ್ಲವೋ ಎಂದು ಕೇಳಿ, ಇವೆ ಅಂದಾಗ, ಬೇಗ ಬೇಗ ಆ ಕಡೆ ನಡೆದ.